ಮಾರ್ಲಿಸ್ ಗಾಡಿಯ ಹಿಂದಿನ ಸೀಟು

ಐವತ್ತನಾಲ್ಕನೇ ವಯಸ್ಸಿನಲ್ಲಿ ಮಾರ್ಲಿಸ್ ಹೌಗನ್‌ಗೆ ಬೈಕಿನ ಹುಚ್ಚು ಹಿಡಿಯಿತು ಅಂತ ನಾರ್ಡಾಲಿನ ಜನ ಈಗಲೂ ಹೇಳುತ್ತಾರೆ. ಹೇಳಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ. ಆದರೆ ಅವರ ಲೆಕ್ಕ ತಪ್ಪು. ಹುಚ್ಚು ಹಿಡಿದದ್ದು ಹದಿನೇಳಕ್ಕೆ. ಅಣ್ಣನ ಬೈಕನ್ನು ಹೇಳದೆ ಕೇಳದೆ ದನದ ಕೊಟ್ಟಿಗೆಯ ಸುತ್ತ ಓಡಿಸಿ, ಕೋಳಿಗೂಡಿಗೆ ಗುದ್ದಿ, ಅಪ್ಪನ ಕೈಲಿ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡ ದಿನವೇ ಅದು ಹಿಡಿದಿತ್ತು. ಆಮೇಲೆ ಚೀಸ್ ಕಾರ್ಖಾನೆಯ ಕೆಲಸ ಬಂತು, ಡೆಲ್ ಬಂದ, ಮದುವೆಯಾಯಿತು, ಮಕ್ಕಳು ಬಂದು ಬೆಳೆದು ಅವರವರ ದಾರಿ ಹಿಡಿದರು. ಹುಚ್ಚು ಎಲ್ಲೂ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ತೆಪ್ಪಗೆ ಕೂತಿತ್ತು, ಅಷ್ಟೆ.

ಹಿಂದಿನ ಸೀಟು ಅಂದರೆ ಡೆಲ್ ಗಾಡಿಯದು. ಡೆಲ್ ಅಂದರೆ ಡೆಲ್ಬರ್ಟ್, ಅವಳ ಗಂಡ. ಚಳಿಗಾಲದಲ್ಲಿ ಕೌಂಟಿಯ, ಅಂದರೆ ಜಿಲ್ಲೆಯ, ಲಾರಿ ಹತ್ತಿ ರಸ್ತೆಯ ಹಿಮ ತಳ್ಳುವುದು, ಬೇಸಿಗೆಯಲ್ಲಿ ಅದೇ ರಸ್ತೆಗಳ ಗುಂಡಿ ಮುಚ್ಚುವುದು ಅವನ ಕೆಲಸ. ಆರಡಿ ಮೇಲೆ ನಾಲ್ಕು ಬೆರಳು ಎತ್ತರ, ಮಾತು ಮಾತ್ರ ಅರ್ಧ ಬೆರಳು. ಅವನ ಬೈಕು ಹಂಡೆಯ ಹಾಗೆ ಹೊಟ್ಟೆ ಬಿಟ್ಟುಕೊಂಡ ದೊಡ್ಡ ಗಾಡಿ. ನಿಂತಲ್ಲಿ ಗುಡುಗುತ್ತದೆ, ಓಡುವಾಗ ಎಮ್ಮೆಯ ಹಾಗೆ ಗಂಭೀರವಾಗಿ ಓಡುತ್ತದೆ. ನಾರ್ಡಾಲಿನ ಗಂಡಸರೆಲ್ಲರ ಹತ್ತಿರ ಇರುವುದೂ ಅಂಥದೇ. ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ಗುಡ್ಡವೂ ಕಣಿವೆಯೂ ಒಂದರೊಳಗೊಂದು ಸಿಕ್ಕಿಕೊಂಡಿವೆ, ರಸ್ತೆ ನೇರವಾಗಿ ಹೋಗಿದ್ದನ್ನು ಕಂಡವರಿಲ್ಲ. ಇಂಥ ರಸ್ತೆಗೆ ಇಂಥ ಹಂಡೆ ಯಾಕೆ ಅಂತ ಮಾರ್ಲಿಸ್ ಮನಸ್ಸಿನಲ್ಲಿ ಅಂದುಕೊಂಡದ್ದುಂಟು. ಬಾಯಿ ಬಿಟ್ಟು ಹೇಳಿರಲಿಲ್ಲ.

ಇಪ್ಪತ್ತಾರು ವರ್ಷ ಪ್ರತಿ ಭಾನುವಾರ ಚರ್ಚು ಮುಗಿಸಿ ಅವರಿಬ್ಬರೂ ಆ ಗಾಡಿಯ ಮೇಲೆ ಹೊರಡುತ್ತಿದ್ದರು. ಅವಳು ಹಿಂದೆ ಹತ್ತಿ, ಬಟ್ಟೆ ಸರಿಮಾಡಿಕೊಂಡು, ಕಾಲು ಊರಿ ಕೂತ ಮೇಲೆ ಅವನ ಎಡ ಭುಜವನ್ನು ಎರಡು ಸಲ ತಟ್ಟುತ್ತಿದ್ದಳು. ಕೂತೆ, ಹೊರಡು ಅಂತ. ತಟ್ಟುವ ತನಕ ಅವನು ಗೇರು ಹಾಕುತ್ತಿರಲಿಲ್ಲ. ಜಗಳ ಆಡಿದ ಭಾನುವಾರವೂ ತಟ್ಟುತ್ತಿದ್ದಳು, ಆವತ್ತು ಸ್ವಲ್ಪ ಜೋರಾಗಿ.

ಇನ್ನೊಂದು ಕೆಲಸವೂ ಅವಳದೇ. ಎದುರಿಗೆ ಬೈಕು ಬಂದರೆ ಎಡಗೈಯನ್ನು ಕೆಳಕ್ಕೆ ಇಳಿಬಿಟ್ಟು ಎರಡು ಬೆರಳು ತೋರಿಸಬೇಕು. ಬೈಕಿನವರ ನಮಸ್ಕಾರ ಅದು. ಗುರುತಿರಲಿ ಬಿಡಲಿ, ಮಾಡದವನು ಮನುಷ್ಯನೇ ಅಲ್ಲ. ಡೆಲ್‌ಗೆ ಕ್ಲಚ್ಚಿನಿಂದ ಕೈ ತೆಗೆಯುವ ಉದಾಸೀನ. "ನಿನ್ನ ಕೈ ಖಾಲಿ ಇದೆಯಲ್ಲ, ಇಬ್ಬರ ಪರವಾಗಿಯೂ ನೀನೇ ಬೀಸು" ಅಂತ ಮೊದಲ ವರ್ಷವೇ ಹೇಳಿಬಿಟ್ಟಿದ್ದ. ಹಾಗಾಗಿ ಎದುರು ಬೈಕು ಕಂಡರೆ ಮಾರ್ಲಿಸ್‌ಳ ಎಡಗೈ ಅವಳನ್ನು ಕೇಳದೇ ಕೆಳಗಿಳಿಯುತ್ತಿತ್ತು. ಇದು ನೆನಪಿರಲಿ.

ಹೋದ ಅಕ್ಟೋಬರಿನಲ್ಲಿ ಒಂದು ಘಟನೆ ನಡೆಯಿತು. ಎಲೆ ಕೆಂಪಾದದ್ದನ್ನು ನೋಡಿಕೊಂಡು ಬರೋಣ ಅಂತ ನದಿಯ ಆಚೆಗೆ ಹೋಗಿದ್ದರು. ಗುರುತಿಲ್ಲದ ಊರಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸುವಾಗ ಡೆಲ್‌ನ ಎಡ ಮಂಡಿ ಕೈಕೊಟ್ಟಿತು. ಅಷ್ಟು ದೊಡ್ಡ ಗಾಡಿ ಒಂದು ಸಲ ವಾಲಿತು ಅಂದರೆ ಮುಗಿಯಿತು, ಮೂಗಿಗಿಂತ ಮೂಗುತಿ ಭಾರ. ನಿಧಾನವಾಗಿ, ಮರ್ಯಾದೆಯಿಂದಲೇ ಮಲಗಿತು. ಇಬ್ಬರೂ ಡಾಂಬರಿನ ಮೇಲೆ ಉರುಳಿದರು. ನೋಡಿದ್ದು ಪಕ್ಕದ ಪಿಕಪ್ಪಿನಲ್ಲಿ ಕೂತಿದ್ದ ಒಂದು ನಾಯಿ ಮಾತ್ರ. ಡೆಲ್ ಎದ್ದು ಮೊದಲು ಸುತ್ತ ನೋಡಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಇಬ್ಬರೂ ಸೇರಿ ಏದುಸಿರು ಬಿಡುತ್ತ ಗಾಡಿ ಎತ್ತಿದರು. ಅವನ ಮುಖ ಸುಣ್ಣದ ಗೋಡೆಯಾಗಿತ್ತು. "ನೀನು ಯಾರಿಗಾದರೂ ಫೋನ್ ಮಾಡಿ ಕಾರು ತರಿಸಿಕೊ" ಅಂದ.

ಮಾರ್ಲಿಸ್ ಪ್ಯಾಂಟಿನ ಧೂಳು ಕೊಡವಿಕೊಂಡಳು. ಹಿಂದೆ ಹತ್ತಿ ಕೂತಳು. ಎರಡು ಸಲ ತಟ್ಟಿದಳು.

ಅವನು ಗೇರು ಹಾಕಿದ. ಮನೆಗೆ ಬಂದ ಮೇಲೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಊರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ.

ಮೊದಲ ಹಿಮ ಬೀಳುವ ಮೊದಲು ಗಾಡಿಯ ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕುವುದು ಅವನ ಪದ್ಧತಿ. ಇಲ್ಲದಿದ್ದರೆ ಚಳಿಗೆ ಬ್ಯಾಟರಿ ಸತ್ತು ಹೋಗುತ್ತದೆ. ಆ ವರ್ಷ ಗಾಡಿಗೆ ಟಾರ್ಪಾಲು ಹೊದಿಸಿದ, ಬ್ಯಾಟರಿ ಬಿಚ್ಚಲಿಲ್ಲ. ಮಾರ್ಲಿಸ್ ಡಿಸೆಂಬರಿನಲ್ಲಿ ಗ್ಯಾರೇಜಿಗೆ ಮೆಟ್ಟಿಲ ಹಿಮಕ್ಕೆ ಚೆಲ್ಲುವ ಉಪ್ಪಿನ ಮೂಟೆ ತರಲು ಹೋದವಳು ಅದನ್ನು ನೋಡಿದಳು. ಸತ್ತ ಬ್ಯಾಟರಿಯ ಮುಂದೆ ನಿಂತಾಗ ಅವಳಿಗೆ ಎಲ್ಲ ಅರ್ಥವಾಯಿತು. ಡೆಲ್ ಇನ್ನು ಬೈಕು ಹತ್ತುವುದಿಲ್ಲ. ಭಾನುವಾರಗಳು ಮುಗಿದವು. ಇನ್ನು ಅವನು ಆರಾಮಕುರ್ಚಿಯಲ್ಲಿ ಕೂತು ಫುಟ್‌ಬಾಲ್ ನೋಡುತ್ತ ಮುದುಕನಾಗುತ್ತಾನೆ, ನಾನು ಪಕ್ಕದಲ್ಲಿ ಕೂತು ಅವನನ್ನು ನೋಡುತ್ತ ಮುದುಕಿಯಾಗುತ್ತೇನೆ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಂಡಿ ಹೋದರೆ ಹೋಯಿತು, ಭಾನುವಾರ ಯಾಕೆ ಹೋಗಬೇಕು?

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. "ಡೆಲ್, ನಾನೊಂದು ಬೈಕು ತಗೋತೀನಿ."

ಡೆಲ್ ಆಲೂಗಡ್ಡೆ ಕತ್ತರಿಸುತ್ತಿದ್ದವನು ಕತ್ತರಿಸುತ್ತಲೇ ಇದ್ದ. "ನನ್ನ ಹಿಂದಿನ ಸೀಟು ಏನು ತಪ್ಪು ಮಾಡಿತ್ತು?"

"ಅದು ಏನೂ ಮಾಡಿಲ್ಲ. ನಾನೇ ಓಡಿಸಬೇಕು ಅಂತ ಮೊದಲಿಂದ ಆಸೆ. ನಿನಗೆ ಗೊತ್ತಿಲ್ವಾ."

"ಕೋಳಿಗೂಡಿನ ಕತೆ ಗೊತ್ತು."

"ಮತ್ತೆ? ನೀನೂ ಹಿಂದೆ ಕೂತು ಬರಬಹುದು. ನಾನು ಕೂರಲಿಲ್ವಾ ಇಷ್ಟು ವರ್ಷ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ಡೆಲ್ ಫೋರ್ಕ್ ಕೆಳಗಿಟ್ಟ. "ನೋಡು ಮಾರ್ಲಿ, ಬೈಕು ಬೇಕಾದರೆ ತಗೋ. ಟೈರಿನ ಗಾಳಿ ನಾನು ನೋಡಿಕೊಡ್ತೀನಿ, ಚೈನಿಗೆ ಎಣ್ಣೆ ಬಿಡ್ತೀನಿ. ಹಿಂದೆ ಮಾತ್ರ ಕೂರಲ್ಲ. ಹೆಂಡತಿ ಸೊಂಟ ಹಿಡ್ಕೊಂಡು ಗೋರ್ಡಿ ಮುಂದೆ ಹೋಗೋಕಾಗುತ್ತಾ? ಸಾಯೋ ತನಕ ಬಿಡಲ್ಲ ಅವನು."

ಗೋರ್ಡಿ ಹಾಲಿನ ಟ್ಯಾಂಕರು ಓಡಿಸುವವನು, ಡೆಲ್‌ನ ಶಾಲೆಯ ಕಾಲದ ಗೆಳೆಯ. ಬಾಯಿ ಬೊಂಬಾಯಿ. ಅವನ ಚರ್ಮದ ಅಂಗಿಯ ಮೇಲೆ ಹೋದ ಊರಿಗೊಂದು ಬಂದ ಊರಿಗೊಂದು ಬಿಲ್ಲೆ ಹೊಲಿಸಿಕೊಂಡಿದ್ದಾನೆ. ಮಾರ್ಲಿಸ್ ಬೈಕು ನೋಡುತ್ತಿದ್ದಾಳೆ ಅಂತ ಗೊತ್ತಾದದ್ದೇ ತಡ, ಊರವರೆಲ್ಲ ಸೇರುವ ಶುಕ್ರವಾರದ ಮೀನೂಟದ ಮೇಜಿನಲ್ಲಿ ಉಪದೇಶ ಶುರುಮಾಡಿದ. "ತಗೊಂಡರೆ ನಮ್ಮಂಥ ಗಾಡಿ ತಗೋ ತಾಯಿ. ಸೀಟು ತಗ್ಗು, ನೆಲಕ್ಕೆ ಕಾಲು ಸಿಗುತ್ತೆ. ಆ ಕಪ್ಪೆಯ ಹಾಗೆ ಬೋರಲು ಬಿದ್ದು ಓಡಿಸೋ ಸ್ಪೋರ್ಟ್ ಗಾಡಿ ಹುಡುಗರಿಗೆ. ನಿನ್ನ ಸೊಂಟ ಮೊದಲ ತಿರುವಿಗೇ ರಾಜೀನಾಮೆ ಕೊಡುತ್ತೆ."

"ನನ್ನ ಸೊಂಟದ ಸುದ್ದಿ ನಿನಗ್ಯಾಕೋ," ಅಂದಳು ಮಾರ್ಲಿಸ್. "ನಿನ್ನ ಹೊಟ್ಟೆ ನಿನ್ನ ಟ್ಯಾಂಕಿನ ಮೇಲೆ ಮಲಗಿರುತ್ತೆ, ಅದನ್ನ ನೋಡ್ಕೋ." ಮೇಜಿನವರೆಲ್ಲ ನಕ್ಕರು. ಡೆಲ್ ಕೂಡ ನಕ್ಕ, ಆದರೆ ತಟ್ಟೆಯನ್ನು ನೋಡುತ್ತ ನಕ್ಕ.

ಗೋರ್ಡಿ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು ಅಂತ ಮಾರ್ಲಿಸ್‌ಗೆ ಫೆಬ್ರವರಿಯಲ್ಲಿ ಲಾ ಕ್ರಾಸ್ ಪಟ್ಟಣದ ಬೈಕಿನ ಅಂಗಡಿಗೆ ಹೋದಾಗ ತಿಳಿಯಿತು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಸಾಲುಗಟ್ಟಿ ನಿಂತ ಗಾಡಿಗಳು. ನಡುವೆ ಒಂದು ಕೆಂಪು ಗಾಡಿ. ಮೂತಿ ಚೂಪು, ಬಾಲ ಮೇಲಕ್ಕೆ. ಅದನ್ನು ನೋಡಿದ ಕೂಡಲೇ ಅವಳ ಹದಿನೇಳರ ವಯಸ್ಸು ಎದ್ದು ಬಂದು ಪಕ್ಕದಲ್ಲಿ ನಿಂತಿತು. ಹತ್ತಿ ಕೂತಳು. ಚಂದವೇ ಇತ್ತು. ಅಂಗಡಿಯ ಹುಡುಗಿ ಟ್ರೂಡಿ ಕೈ ಕಟ್ಟಿಕೊಂಡು ನೋಡುತ್ತಿದ್ದಳು.

"ಹೇಗಿದೆ?" ಅಂದಳು.

"ಸುಖವಾಗಿದೆ."

"ಎರಡು ನಿಮಿಷ ಕೂತರೆ ಎಲ್ಲ ಗಾಡಿಯೂ ಸುಖಾನೇ. ಊಟ ಆಯ್ತಾ ನಿಮ್ಮದು?"

"ಇಲ್ಲ. ಡಬ್ಬಿ ತಂದಿದೀನಿ."

"ಹಾಗಾದರೆ ಇಲ್ಲೇ ಕೂತು ಮಾಡಿ. ಗಾಡಿ ಮೇಲೆ. ಒಂದು ಕೈ ಹ್ಯಾಂಡಲ್ ಮೇಲೇ ಇರಲಿ."

ಮಾರ್ಲಿಸ್ ಈ ಹುಡುಗಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು. ತಮಾಷೆಯಾಗಿರಲಿಲ್ಲ. ಸರಿ, ಕೆಂಪು ಗಾಡಿಯ ಮೇಲೆ ಬಗ್ಗಿಕೊಂಡೇ ಡಬ್ಬಿ ತೆಗೆದು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನತೊಡಗಿದಳು. ಅರ್ಧ ತಿನ್ನುವಷ್ಟರಲ್ಲಿ ಮಣಿಕಟ್ಟು ಜುಮುಗುಟ್ಟಿತು. ಮುಗಿಸುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿತ್ತು, ಕಾಲು ಹಿಂದಕ್ಕೆ ಮಡಚಿ ಮಡಚಿ ಮಂಡಿ ಅಯ್ಯೋ ಅನ್ನುತ್ತಿತ್ತು. ಕೆಳಗಿಳಿದಾಗ ಹದಿನೇಳರ ವಯಸ್ಸು ಬಾಗಿಲು ದಾಟಿ ಹೋಗಿತ್ತು.

"ಮೊದಲ ಗಾಡಿ ಕಣ್ಣಿಗಲ್ಲ, ಬೆನ್ನಿಗೆ," ಅಂದಳು ಟ್ರೂಡಿ. "ಬನ್ನಿ, ಮೂಲೇಲಿ ಒಂದಿದೆ."

ಮೂಲೆಯದು ಬೂದು ನೀಲಿಯ ಗಾಡಿ. ಅದೂ ಸ್ಪೋರ್ಟ್ ಜಾತಿಯದೇ, ತಿರುವಿನಲ್ಲಿ ಒಲಿದು ಬರುವಂಥದು. ಆದರೆ ಹ್ಯಾಂಡಲ್ ಒಂದು ಗೇಣು ಮೇಲಿತ್ತು, ಕಾಲಿಡುವ ಜಾಗ ಕೆಳಗಿತ್ತು, ಸೀಟು ಮನುಷ್ಯರಿಗೆ ಮಾಡಿದ ಹಾಗಿತ್ತು. ಎಂಜಿನ್ನು ತೀರ ದೊಡ್ಡದಲ್ಲ, ಹೊಸಬರನ್ನು ಹೆದರಿಸುವಂಥದ್ದಲ್ಲ. ಮಾರ್ಲಿಸ್ ಕೂತಳು. ಉಳಿದ ಸೇಬು ತಿಂದಳು. ಫ್ಲಾಸ್ಕಿನ ಕಾಫಿ ಕುಡಿದಳು. ಮೈ ಎಲ್ಲೂ ದೂರಲಿಲ್ಲ. ಎದ್ದು ಹೋಗಲು ಮನಸ್ಸೇ ಬರಲಿಲ್ಲ.

ಆಮೇಲೆ ಮಾರ್ಲಿಸ್ ಇಳಿದು ಹಿಂದಿನ ಸೀಟಿಗೆ ಹತ್ತಿದಳು.

ಟ್ರೂಡಿ ಬೆಪ್ಪಾದಳು. "ಓಡಿಸೋರು ನೀವಲ್ವಾ?"

"ನನಗೆ ಚೆನ್ನಾಗಿ ಗೊತ್ತಿರೋದು ಹಿಂದಿನ ಸೀಟೇ ಕಣಮ್ಮ. ಇದು ಒಳ್ಳೇ ಅಗಲ ಇದೆ. ಆ ಕೆಂಪು ಗಾಡೀದು ಸೋಪಿನ ಡಬ್ಬಿಯಷ್ಟಿತ್ತು." ಕೂತಲ್ಲಿಂದಲೇ ಎರಡು ಕಡೆಯ ಹಿಡಿಕೆ ಮುಟ್ಟಿ ನೋಡಿದಳು. ಕಾಲಿಡುವ ಕಡ್ಡಿ ಎಷ್ಟು ಕೆಳಗಿದೆ ಅಂತ ಬಗ್ಗಿ ನೋಡಿದಳು. "ಇಲ್ಲಿ ನಿಮ್ಮ ಕಡೆ ತುಂಬ ಎತ್ತರದೋರು ಯಾರಾದರೂ ಇದಾರಾ? ಆರಡಿ ನಾಲ್ಕು ಬೆರಳು?"

ಒಳಗಿನಿಂದ ಉದ್ದನೆಯ ಮೆಕ್ಯಾನಿಕ್ ಒಬ್ಬನನ್ನು ಕರೆತಂದರು. ಪಾಪ, ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದವನನ್ನು ಮಾರ್ಲಿಸ್ ಹಿಂದಿನ ಸೀಟಿನಲ್ಲಿ ಕೂರಿಸಿ, ಅವನ ಎಡ ಮಂಡಿ ಎಷ್ಟು ಮಡಚುತ್ತದೆ ಅಂತ ಸುತ್ತ ಬಂದು ನೋಡಿದಳು. "ನೋವಾಗುತ್ತಾ?" ಅಂತ ಕೇಳಿದಳು. ಅವನು ಇಲ್ಲ ಅಂದ. "ನಿಜ ಹೇಳಪ್ಪ. ಮಂಡಿ ಹೋದೋರು ಕೂತರೆ?" ಅವನು ಯೋಚಿಸಿ, ಮಂಡಿ ನೋವಿನ ನಮ್ಮಪ್ಪನೂ ಕೂರಬಹುದು ಅಂದ. ಮಾರ್ಲಿಸ್ ಆ ಗಾಡಿಯನ್ನೇ ತೆಗೆದುಕೊಂಡಳು. ಹಿಂದೆ ಯಾರು ಕೂರುತ್ತಾರೆ ಅಂತ ಟ್ರೂಡಿ ಕೇಳಿದ್ದಕ್ಕೆ, "ಇನ್ನೂ ಒಪ್ಪಿಲ್ಲ" ಅಂದಳು.

ಏಪ್ರಿಲ್ ಬಂತು, ಹಿಮ ಕರಗಿತು. ಪಾಲಿಟೆಕ್ನಿಕ್ಕಿನ ಮೈದಾನದಲ್ಲಿ ಹೊಸಬರಿಗೆ ಬೈಕು ಕಲಿಸುವ ತರಗತಿಗೆ ಸೇರಿದಳು. ಹುಡುಗ ಹುಡುಗಿಯರ ನಡುವೆ ಇವಳೊಬ್ಬಳೇ ಓದುವ ಕನ್ನಡಕ ತಂದವಳು. ಪರವಾಗಿಲ್ಲ, ಪಾಸಾದಳು. ಬಿದ್ದ ಗಾಡಿಯನ್ನು ಎತ್ತುವ ಪಾಠದಲ್ಲಂತೂ ಮೇಷ್ಟ್ರೇ ಬೆರಗಾದರು. ಚೀಸಿನ ದಿಮ್ಮಿಗಳನ್ನು ಎತ್ತಿ ಎತ್ತಿ ಬಂದ ಬೆನ್ನು ಅದು.

ಗಾಡಿ ಮನೆಗೆ ಬಂದ ದಿನ ಡೆಲ್ ಅದರ ಸುತ್ತ ಎರಡು ಸುತ್ತು ಬಂದ. ಟೈರು ಒತ್ತಿ ನೋಡಿದ. ಹಿಂದಿನ ಸೀಟಿನ ಹತ್ತಿರ ಸ್ವಲ್ಪ ಹೊತ್ತು ನಿಂತ. "ಒಳ್ಳೇ ಗಾಡಿ," ಅಂದ. ಅವನ ಬಾಯಲ್ಲಿ ಅಷ್ಟು ಬಂದರೆ ಬೇರೆಯವರು ಹಾಡು ಹೇಳಿದ ಹಾಗೆ.

"ಹತ್ತು, ಒಂದು ಸುತ್ತು ಹೋಗಿ ಬರೋಣ."

"ಕೆಲಸ ಇದೆ."

ಮುಂದಿನ ಭಾನುವಾರವೂ ಕೆಲಸ ಇತ್ತು. ಅದರ ಮುಂದಿನ ಭಾನುವಾರ ಮಳೆ ಬರುವ ಹಾಗಿದೆ ಅಂದ, ಆಕಾಶ ತೊಳೆದಿಟ್ಟ ಬಟ್ಟಲಿನ ಹಾಗಿತ್ತು. ಮಾತು ಕೊಟ್ಟಂತೆ ಗಾಳಿ ನೋಡಿದ, ಚೈನಿಗೆ ಎಣ್ಣೆ ಬಿಟ್ಟ. "ಕೌಂಟಿಯ ಡಿ ರಸ್ತೆಯ ತಿರುವಿನಲ್ಲಿ ನಾವು ಚಳಿಗಾಲದಲ್ಲಿ ಜಾರದ ಹಾಗೆ ಹಾಕಿದ ಮರಳು ಇನ್ನೂ ಗುಡಿಸಿಲ್ಲ, ಜೋಪಾನ. ಕಾರು ಇಟ್ಟುಕೊಳ್ಳದ ಆಮಿಷ್ ಪಂಥದವರ ಕುದುರೆಗಾಡಿ ಹೋದ ಕಡೆ ಲದ್ದಿ ಇರುತ್ತೆ, ಅದರ ಮೇಲೆ ಬ್ರೇಕ್ ಹಿಡೀಬೇಡ" ಅಂತ ಹೇಳಿ ಕಳಿಸಿದ. ಅವಳು ಹೋದಳು, ಸುಖವಾಗಿ ಓಡಿಸಿದಳು. ಓಡಿಸುವ ಸುಖ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಸುಳ್ಳು ಹೇಳಬಾರದು. ಗುಡ್ಡದ ನೆತ್ತಿಯಲ್ಲಿ ಒಬ್ಬಳೇ ಜೋರಾಗಿ ನಕ್ಕಿದ್ದೂ ಉಂಟು. ಆದರೆ ಚೆನ್ನಾಗಿರುವುದನ್ನು ಕಂಡಾಗ, ನೋಡು ಅಂತ ಹೇಳಲು ಯಾರೂ ಇರಲಿಲ್ಲ. ಅಗಲವಾದ ಹಿಂದಿನ ಸೀಟಿನ ಮೇಲೆ ಊಟದ ಚೀಲ ಕಟ್ಟಿಕೊಂಡು ಹೋಗುತ್ತಿದ್ದಳು. ಮನೆಗೆ ಬಂದರೆ ಡೆಲ್ ಗ್ಯಾರೇಜಿನ ಬಾಗಿಲಲ್ಲಿ ನಿಂತಿರುತ್ತಿದ್ದ. ಅವಳು ಬರುವ ಸದ್ದಿಗೆ ಎದ್ದು ಬಂದವನಲ್ಲ, ಮೊದಲಿಂದ ಅಲ್ಲೇ ನಿಂತಿದ್ದವನು.

ಮೇ ತಿಂಗಳ ಮೊದಲ ಭಾನುವಾರ ನಾರ್ಡಾಲಿನ ಚರ್ಚಿನಲ್ಲಿ ಬೈಕುಗಳಿಗೆ ಆಶೀರ್ವಾದ. ಆಯುಧಪೂಜೆ ನೋಡಿದವರಿಗೆ ಇದೇನೂ ಹೊಸದಲ್ಲ. ಸುತ್ತಲ ಬೈಕಿನವರೆಲ್ಲ ಗಾಡಿ ತೊಳೆದು ಒರೆಸಿ ಚರ್ಚಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಪಾಸ್ಟರಮ್ಮ ಇಂಗ್ರಿಡ್ ದೇವದಾರಿನ ಟೊಂಗೆಯನ್ನು ನೀರಿಗೆ ಅದ್ದಿ ಒಂದೊಂದು ಗಾಡಿಗೂ ಚಿಮುಕಿಸುತ್ತ ಬರುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಗುಡ್ಡದ ರಸ್ತೆಗೆ ಹೊರಡುತ್ತಾರೆ. ಒಟ್ಟಿಗೆ ಹೊರಟವರದು ಆ ವರ್ಷ ಚೆನ್ನಾಗಿರುತ್ತದೆ ಅಂತ ನಂಬಿಕೆ.

"ನೀನು ಬರಲ್ವಾ?" ಅಂತ ಬೆಳಿಗ್ಗೆ ಮಾರ್ಲಿಸ್ ಕೇಳಿದಳು.

"ಬರ್ತೀನಿ. ಪಿಕಪ್ಪಲ್ಲಿ. ಸಾಸೇಜು ಸುಡೋ ಒಲೆ ಒಯ್ಯೋಕೆ ಯಾರಾದರೂ ಬೇಕಲ್ಲ."

ಅವಳಿಗೆ ರೇಗಿತು. "ಆ ಒಲೆ ಇಷ್ಟು ವರ್ಷ ತಾನಾಗಿ ನಡ್ಕೊಂಡು ಬರ್ತಿತ್ತಾ?" ಅಂದು ಹೆಲ್ಮೆಟ್ ಹಾಕಿಕೊಂಡು ಗುಡ್ಡದ ಬಳಸು ದಾರಿ ಹಿಡಿದು ಹೊರಟುಬಿಟ್ಟಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಇವತ್ತು ಹಿಂದಿನ ಸೀಟು ಖಾಲಿ ಹೋದರೆ ಈ ವರ್ಷ ಪೂರ್ತಿ ಖಾಲಿ. ಈ ವರ್ಷ ಖಾಲಿಯಾದರೆ ಮುಂದೆಯೂ ಅಷ್ಟೇ. ಡೆಲ್ ಒಂದು ಸಲ ಬಿಟ್ಟದ್ದನ್ನು ತಿರುಗಿ ಹಿಡಿಯುವ ಪೈಕಿ ಅಲ್ಲ.

ಆ ಯೋಚನೆಯಲ್ಲೇ ಚರ್ಚಿನ ಅಂಗಳಕ್ಕೆ ತಿರುಗಿದಳು. ಸಾಲಾಗಿ ನಿಂತ ಬೈಕುಗಳು, ಅವುಗಳ ಮುಂದೆ ಕಾಫಿ ಲೋಟ ಹಿಡಿದು ನಿಂತ ಗಂಡಸರು ಹೆಂಗಸರು. ಮಾರ್ಲಿಸ್ ಸ್ವಂತ ಗಾಡಿಯಲ್ಲಿ ಬಂದದ್ದು ಕಂಡು ಎಲ್ಲರಿಗೂ ಖುಷಿ. ಅಷ್ಟೂ ಜನ ಒಟ್ಟಿಗೆ ಎಡಗೈ ಇಳಿಬಿಟ್ಟು ಎರಡು ಬೆರಳು ತೋರಿಸಿದರು.

ಅವಳ ಎಡಗೈ ಅವಳನ್ನು ಕೇಳಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ, ಇಳಿದೇ ಬಿಟ್ಟಿತು. ಹಿಂದೆ ಕೂತವಳ ಎಡಗೈ ಖಾಲಿ, ಮುಂದೆ ಕೂತವಳ ಎಡಗೈಯಲ್ಲಿ ಕ್ಲಚ್ಚು ಇರುತ್ತದೆ. ನಿಲ್ಲಿಸಲು ಒತ್ತಿ ಹಿಡಿದಿದ್ದ ಕ್ಲಚ್ಚನ್ನು ಬಿಟ್ಟು ಕೈ ಬೀಸಿದರೆ ಏನಾಗಬೇಕೋ ಅದೇ ಆಯಿತು. ಗಾಡಿ ಗಕ್ಕನೆ ಎಗರಿ, ಕೆಮ್ಮಿ, ನಿಂತು, ಎಡಕ್ಕೆ ವಾಲಿ ಮಲಗಿತು. ಮಾರ್ಲಿಸ್ ಚರ್ಚಿನ ಹುಲ್ಲಿನ ಮೇಲೆ ಕೂತಿದ್ದಳು, ಎರಡು ಬೆರಳು ಇನ್ನೂ ಹಾಗೇ ಇದ್ದವು.

 ಪೆಟ್ಟಾಗಿಲ್ಲ ಅಂತ ಕಂಡ ಮೇಲೆ ಗೋರ್ಡಿ ಬಾಯಿ ಬಿಟ್ಟ. "ಮರ್ಯಾದೆ ಅಂದರೆ ಇದಪ್ಪ. ನಾವೆಲ್ಲ ಕೈ ಬೀಸಿದರೆ ಮಾರ್ಲಿಸ್ ಸಾಷ್ಟಾಂಗ ಮಾಡಿದಳು." ಅಂಗಳವೆಲ್ಲ ನಕ್ಕಿತು. ಅವಳೂ ನಕ್ಕಳು, ಕಿವಿ ಮಾತ್ರ ಬೆಂಕಿಯಾಗಿತ್ತು. ಇಬ್ಬರು ಮೂವರು ಗಾಡಿ ಎತ್ತಲು ಓಡಿ ಬಂದರು.

"ಬಿಡ್ರೋ," ಅಂದದ್ದು ಡೆಲ್. ಪಿಕಪ್ಪಿನಲ್ಲಿ ಮೊದಲೇ ಬಂದಿದ್ದವನು ಒಲೆಯ ಹತ್ತಿರ, ಏಪ್ರನ್ ಕಟ್ಟಿಕೊಂಡು, ಇಕ್ಕಳ ಹಿಡಿದು ನಿಂತಿದ್ದ. "ಅವಳು ಎತ್ತುತಾಳೆ."

ಮಾರ್ಲಿಸ್ ಎದ್ದಳು. ಸ್ವಿಚ್ಚು ಆರಿಸಿ, ಗಾಡಿಗೆ ಬೆನ್ನು ಕೊಟ್ಟು ಕುಕ್ಕರು ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಸೀಟಿನ ಹಿಡಿಕೆ ಹಿಡಿದು, ಕಾಲಲ್ಲಿ ಒತ್ತುತ್ತ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆದಳು. ಗಾಡಿ ಎದ್ದು ನಿಂತಿತು. ಕೆಲವರು ಚಪ್ಪಾಳೆ ತಟ್ಟಿದರು. ಕನ್ನಡಿ ಸೊಟ್ಟಗಾಗಿತ್ತು, ಬೂದು ನೀಲಿಯ ಮೇಲೆ ಹುಲ್ಲಿನ ಹಸಿರು ಹತ್ತಿತ್ತು. ಅವಳು ಅದನ್ನು ಸಾಲಿನ ಕೊನೆಯಲ್ಲಿ ತಂದು ನಿಲ್ಲಿಸಿದಳು.

ಪಾಸ್ಟರಮ್ಮ ಟೊಂಗೆ ಹಿಡಿದು ಸಾಲಿನುದ್ದಕ್ಕೂ ಬಂದರು. "ದೇವರೇ, ಇವರನ್ನು ಹೋದ ಹಾಗೇ ಮನೆಗೆ ಮುಟ್ಟಿಸು. ಜಿಂಕೆಗಳನ್ನು ರಸ್ತೆಗೆ ಬಿಡದೆ ಕಾಡಿನಲ್ಲೇ ಇಡು," ಅಂತ ಪ್ರತಿ ವರ್ಷದ ಮಾತು ಹೇಳಿದರು. ಮಾರ್ಲಿಸ್ ಹತ್ತಿರ ಬಂದಾಗ ಟೊಂಗೆಯನ್ನು ಇನ್ನೊಂದು ಸಲ ಅದ್ದಿ, "ನಿಮಗೆ ಸ್ವಲ್ಪ ಜಾಸ್ತಿ ಇರಲಿ" ಅಂದರು.

ಎಂಜಿನ್ನುಗಳು ಒಂದೊಂದಾಗಿ ಎದ್ದವು. ಮಾರ್ಲಿಸ್ ಗಾಡಿ ಹತ್ತಿ ಕೂತಳು. ಕೂತ ಮೇಲೆ ಭಯವಾಯಿತು. ಬಿದ್ದಾಗ ಆಗಿರಲಿಲ್ಲ, ಈಗ ಆಯಿತು. ಎಲ್ಲರೂ ಮುಂದೆ ಹೋಗಲಿ, ನಾನು ಹಿಂದಿನ ಗೇಟಿನಿಂದ ಮನೆಗೆ ಹೋಗಿಬಿಡುತ್ತೇನೆ ಅಂದುಕೊಂಡಳು. ಗೋರ್ಡಿ ಹೇಳಿದ್ದೇ ಸರಿ ಇರಬೇಕು. ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕಿತ್ತು.

ಕಣ್ಣಂಚಿನಲ್ಲಿ ಡೆಲ್ ಕಂಡ. ಏಪ್ರನ್ ಬಿಚ್ಚಿ ಒಲೆಯ ಮೇಜಿನ ಮೇಲೆ ಹಾಕಿದ. ಇಕ್ಕಳವನ್ನು ಪಾಸ್ಟರಮ್ಮನ ಕೈಗೆ ಕೊಟ್ಟ. ಪಿಕಪ್ಪಿನ ಹತ್ತಿರ ಹೋಗಿ ಸೀಟಿನ ಹಿಂದಿನಿಂದ ಏನೋ ತೆಗೆದ. ಅವನ ಹಳೇ ಕಪ್ಪು ಹೆಲ್ಮೆಟ್ಟು. ಅದನ್ನು ಹಾಕಿಕೊಂಡು, ಎಡಗಾಲು ಸ್ವಲ್ಪ ಎಳೆಯುತ್ತ, ಅಂಗಳದ ನಡುವೆ ಎಲ್ಲರಿಗೂ ಕಾಣುವ ಹಾಗೆ ನಡೆದುಕೊಂಡು ಬಂದ.

"ಗಟ್ಟಿಯಾಗಿ ಕಾಲೂರಿ ನಿಲ್ಲು," ಅಂದ. "ಹತ್ತುತಾ ಇದೀನಿ."

ಗೋರ್ಡಿ ತನ್ನ ಗಾಡಿ ಆರಿಸಿಯೇ ಬಿಟ್ಟ. ಇಂಥದ್ದನ್ನು ಎಂಜಿನ್ನಿನ ಸದ್ದಿನಲ್ಲಿ ಕಳೆದುಕೊಳ್ಳುವುದುಂಟೇ. "ಏನೋ ಡೆಲ್, ಹೆಂಡತಿ ಬೆನ್ನು ಹಿಡ್ಕೊಂಡು ಹೊರಟ್ಯಾ? ಅದೂ ಈಗ ತಾನೇ ಗಾಡಿ ಕೆಡವಿದವಳದು?"

"ಹೂಂ ಕಣೋ," ಅಂದ ಡೆಲ್. "ಅಕ್ಟೋಬರಲ್ಲಿ ನಾನೂ ಕೆಡವಿದೆ. ಇವಳನ್ನ ಹಿಂದೆ ಕೂರಿಸಿಕೊಂಡೇ ಕೆಡವಿದೆ. ಧೂಳು ಕೊಡವಿಕೊಂಡು ಅಲ್ಲೇ ತಿರುಗಿ ಹತ್ತಿದಳು. ಬೇರೆ ಯಾರೇ ಆಗಿದ್ದರೂ ಕಾರು ತರಿಸಿಕೊಳ್ಳೋರು."

ಗೋರ್ಡಿ ನಗು ನಿಲ್ಲಿಸಿದ. ಅವನು ಡೆಲ್‌ನ ಮಂಡಿಯನ್ನು ನೋಡಿದ, ಮುಖ ನೋಡಿದ, ತಲೆಯಾಡಿಸಿ ಗಾಡಿ ಚಾಲೂ ಮಾಡಿದ.

ಡೆಲ್ ಹತ್ತಿದ. ಗಾಡಿ ಅವನ ಭಾರಕ್ಕೆ ಒಂದಿಷ್ಟು ಕುಸಿದು ಸರಿಯಾಯಿತು. ಎಡಗಾಲು ಎತ್ತಿ ಕಡ್ಡಿಯ ಮೇಲಿಟ್ಟ. ಇನ್ನೊಂದು ಸಲ ಎತ್ತಿ ಇಟ್ಟ. "ಮಂಡಿ ಹಿಡೀತಾನೇ ಇಲ್ವಲ್ಲ ಇದರಲ್ಲಿ."

"ಅಳತೆ ನೋಡೇ ತಂದಿದ್ದು," ಅಂದಳು ಮಾರ್ಲಿಸ್.

ಡೆಲ್ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಎರಡು ಕಡೆಯ ಹಿಡಿಕೆ ಹಿಡಿದುಕೊಂಡ. 

"ಹೆಲ್ಮೆಟ್ ಯಾಕೆ ತಂದಿದ್ದೆ? ಒಲೆ ಹಚ್ಚೋಕಾ?" ಅಂದಳು.

"ತಿಂಗಳಿಂದ ಪಿಕಪ್ಪಲ್ಲೇ ಇದೆ. ಸುಮ್ಮನಿರು ಈಗ, ಎಲ್ಲ ಹೊರಟರು."

ಅವಳು ಗಾಡಿ ಚಾಲೂ ಮಾಡಿದಳು. ಕ್ಲಚ್ಚು ಒತ್ತಿ ಕಾದಳು. ಆಗ ಎಡ ಭುಜದ ಮೇಲೆ ದೊಡ್ಡ ಕೈಯೊಂದು ಎರಡು ಸಲ ತಟ್ಟಿತು.

ಇಪ್ಪತ್ತಾರು ವರ್ಷ ತಟ್ಟಿದವಳಿಗೆ ತಟ್ಟಿಸಿಕೊಂಡರೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಓಹೋ, ಇದಕ್ಕೇ ಇವನು ಕಾಯುತ್ತಿದ್ದನೇ ಅನ್ನಿಸಿತು. ಹಿಂದಿನ ಗೇಟು ಮರೆತೇ ಹೋಯಿತು. ಗೇರು ಹಾಕಿದಳು.

ಅಂಗಳದ ಬಾಗಿಲಲ್ಲಿ, ಅವಳು ಬಿದ್ದ ಜಾಗದಲ್ಲೇ, ಬೈಕಿಲ್ಲದವರೆಲ್ಲ ಸಾಲಾಗಿ ನಿಂತು ಹೊರಟವರಿಗೆ ಎರಡು ಬೆರಳು ತೋರಿಸುತ್ತಿದ್ದರು. ಪಾಸ್ಟರಮ್ಮ ಇಕ್ಕಳವನ್ನೇ ಬೀಸುತ್ತಿದ್ದರು. ಮಾರ್ಲಿಸ್‌ಳ ಎಡಗೈ ಬೆರಳುಗಳು ಕ್ಲಚ್ಚಿನ ಮೇಲೆ ಚಡಪಡಿಸಿದವು.

"ತೆಗೀಬೇಡ ಕೈ," ಅಂದ ಡೆಲ್, ಅವಳ ಹೆಲ್ಮೆಟ್ಟಿಗೆ ತನ್ನದನ್ನು ತಾಗಿಸಿ. "ಬೀಸೋ ಕೆಲಸ ಇನ್ನು ನಂದು."

ಕನ್ನಡಿ ಇನ್ನೂ ಸೊಟ್ಟಗೇ ಇತ್ತು. ಅದರಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಇಳಿಬಿಟ್ಟ ಅವನ ಎಡಗೈ ಮತ್ತು ಎರಡು ಬೆರಳು ಮಾತ್ರ ಕಾಣುತ್ತಿದ್ದವು. ಅವಳು ಕನ್ನಡಿ ಸರಿಮಾಡಿಕೊಳ್ಳಲಿಲ್ಲ.